ನನ್ನ ತೋರುಬೆರಳಿನ ಅಳತೆ

ಶಾಲೆಯ ಕೈಕೆಲಸದ ಪ್ರದರ್ಶನದಲ್ಲಿ ಕೆತ್ತನೆ ಕೆಲಸದ ಸೊರಬದ ಗುಡಿಗಾರರೊಬ್ಬರ ಮಾನ ಹೋಗುತ್ತಿತ್ತಂತೆ; ಚರ್ಚಾಸ್ಪರ್ಧೆಯ ಹುಡುಗನೊಬ್ಬ ವೇದಿಕೆ ಹತ್ತಿ ಬರೀ ಮಾತಿನಿಂದ ಅದನ್ನು ಉಳಿಸಿದನಂತೆ. ಶಿಕಾರಿಪುರದಲ್ಲಿ ಈಗಲೂ ಹೀಗೇ ಹೇಳುತ್ತಾರೆ. ಆ ಹುಡುಗ ನಾನೇ. ಕತೆಯಲ್ಲಿ ನಿಜವಿರುವುದು ನಾನು ವೇದಿಕೆ ಹತ್ತಿದೆ ಎಂಬುದಷ್ಟೆ.

ಕನ್ನಡನಾಡು ಒಂದಾಗಿ ಎರಡು ವರ್ಷವಾಗಿತ್ತು. ನಾನು ಕಾಲೇಜಿನಿಂದ ರಜೆಗೆ ಬಂದಿದ್ದೆ. ಚರ್ಚೆಯಲ್ಲಿ ಗೆದ್ದ ಬಟ್ಟಲನ್ನು, ಚೀಲದಲ್ಲಿ ಜಾಗವಿದ್ದರೂ, ಬಸ್ಸಿನವರಿಗೆಲ್ಲ ಕಾಣಲೆಂದು ತೊಡೆಯ ಮೇಲೇ ಇಟ್ಟುಕೊಂಡು ಬಂದಿದ್ದೆ.

ಪ್ರದರ್ಶನದ ಸಭೆಯ ಮೇಜಿಗೆ ಮೂರು ಮೇಣದಬತ್ತಿ ಸ್ಟ್ಯಾಂಡು ಮಾಡಿಸಿ ತರಲು ನಮ್ಮೂರ ಶಾಲೆಯ ಹೆಡ್‌ಮಾಸ್ತರರು ನನ್ನನ್ನು ಸೊರಬಕ್ಕೆ ಕಳಿಸಿದರು. ಕೆಲಸ ಹಿಡಿಸಿದರೆ ಆ ಗುಡಿಗಾರರನ್ನೇ ಶಾಲೆಗೆ ಕೈಕೆಲಸದ ಮೇಷ್ಟ್ರಾಗಿ ಕರೆಸುವುದೆಂದು ಮಾತಾಗಿತ್ತು. ಅದು ಅವರಿಗೂ ಗೊತ್ತಿತ್ತು. ಗಂಧದ ತುಂಡು, ಎಮ್ಮೆಕೊಂಬು, ಬಳ್ಳಿಗಾವಿ ಕಡೆಯಿಂದ ತಂದ ಬಳಪದ ಕಲ್ಲು, ಮೂರನ್ನೂ ಮುಂದಿಟ್ಟುಕೊಂಡು ಜಗಲಿಯಲ್ಲಿ ಕಾಯುತ್ತಿದ್ದರು. ಪಕ್ಕದಲ್ಲಿ ಬಾಸಿಂಗಕ್ಕೆ ಬೆಂಡು ಕತ್ತರಿಸುತ್ತಿದ್ದ ಅವರ ಹೆಂಡತಿ, "ಬೆಂಡಿಂದೂ ಒಂದು ಮಾಡ್ಕೊಡ್ಲಾ? ಬತ್ತೀನೇ ಬ್ಯಾಡ, ಅದೇ ಉರಿತದೆ" ಎಂದರು.

"ತೂತು ಎಷ್ಟು ಅಗಲ ಇಡ್ಲಿ?" ಗುಡಿಗಾರರು ಕೇಳಿದರು.

"ಒಂದು ಬೆರಳು."

"ಯಾರ ಬೆರಳು ಮಾರಾಯ?"

ಅವರ ಕಸುಬಿನಲ್ಲಿ ಬೆರಳು ಮನುಷ್ಯರದಲ್ಲ, ಮೂರ್ತಿಯದು. ಮೂರ್ತಿಯ ಎತ್ತರವನ್ನು ಭಾಗ ಮಾಡಿದರೆ ಬರುವುದೇ ಬೆರಳು. ಹಾಗಾಗಿ ಮೂರ್ತಿ ಬೇರೆಯಾದರೆ ಬೆರಳೂ ಬೇರೆ. ನನಗೆ ಇಷ್ಟು ಸಿಕ್ಕಿದ್ದೇ ಸಾಕಾಯಿತು. ದೇವರಿಂದ ದೇವರಿಗೆ ಬದಲಾಗುವುದನ್ನು ಅಳತೆ ಎನ್ನಬಹುದೇ ಎಂದು ಶುರುಮಾಡಿದವನು ಕಾಫಿ ಆರುವವರೆಗೂ ನಿಲ್ಲಿಸಲಿಲ್ಲ.

"ಅದೆಲ್ಲ ಸರಿ. ಅಂಗಡಿಯಿಂದ ಒಂದು ಬತ್ತಿ ತಗಂಬಾ, ಸಾಕು."

"ಯಾಕ್ರೀ? ಬತ್ತಿ ಅಂದ್ರೆ ಬೆರಳು ದಪ್ಪ. ಲೋಕಕ್ಕೇ ಗೊತ್ತಿರೋದು."

ಅವರು "ಹಂಗಾರೆ ನಿಂದೇ ಕೊಡು" ಎಂದು ನನ್ನ ತೋರುಬೆರಳಿಗೆ ದಾರ ಸುತ್ತಿ ಅಳತೆ ತೆಗೆದುಕೊಂಡರು. ವಾದ ಗೆದ್ದೆನೆಂದು ಬಸ್ಸಿನುದ್ದಕ್ಕೂ ಬೀಗಿದೆ.

ಸ್ಟ್ಯಾಂಡುಗಳು ಬಂದವು. ಗಂಧದ್ದರ ಮೇಲೆ ಬಳ್ಳಿ, ಕೊಂಬಿನದಕ್ಕೆ ಕೊಕ್ಕರೆಯ ಕತ್ತು, ಕಲ್ಲಿನದು ಅರಳುತ್ತಿರುವ ತಾವರೆ. ಮೂರರಲ್ಲೂ ನನ್ನ ಬೆರಳು ಕೂದಲೆಳೆ ಜಾಗವಿಲ್ಲದಂತೆ ಕೂತಿತು. ಅಂಗಡಿಯ ಬತ್ತಿ ಮಾತ್ರ ನನ್ನ ಕಿರುಬೆರಳಿಗಿಂತ ಸಣ್ಣದು. ಸಭೆಯ ದಿನ ವಾಲಾಡುತ್ತಿದ್ದ ಬತ್ತಿಗಳ ಬುಡಕ್ಕೆ ಜವಾನ ಹಳೇ ಪೇಪರು ಸುತ್ತಿ ಸಿಕ್ಕಿಸಿದ. ಮುಖ್ಯ ಅತಿಥಿಗಳ ಭಾಷಣ ಬತ್ತಿಗಿಂತ ಉದ್ದವಾಯಿತು. ಪೇಪರಿಗೆ ಬೆಂಕಿ ಹತ್ತಿತು; ಕೊಂಬು ಸುಟ್ಟ ನಾತಕ್ಕೆ ಮುಂದಿನ ಸಾಲಿನವರು ಮೂಗು ಮುಚ್ಚಿಕೊಂಡರು.

"ತೂತಿನ ಅಳತೇನ ಗೊತ್ತಿಲ್ರೀ ಇವ್ರಿಗೆ. ಹುಡುಗ್ರಿಗೆ ಏನ್ ಕಲಿಸ್ತಾರ?" ಎಂದರು ಶಾಲಾ ಸಮಿತಿಯವರೊಬ್ಬರು. ಹಿಂದಿನ ಬಾಗಿಲ ಹತ್ತಿರ ಗುಡಿಗಾರರು ಇಸ್ತ್ರಿ ಮಾಡಿದ ಜುಬ್ಬ ಹಾಕಿಕೊಂಡು ನಿಂತಿದ್ದರು.

ಆಗ ನಾನು ವೇದಿಕೆ ಹತ್ತಿದೆ. ಹೇಳಬೇಕಿದ್ದದ್ದು ಒಂದೇ ವಾಕ್ಯ. ಅದನ್ನು ಬಿಟ್ಟು, ಕಲೆ ದೊಡ್ಡದೋ ಉಪಯೋಗ ದೊಡ್ಡದೋ ಎಂದು ಕಾಲು ಗಂಟೆ ಮಾತಾಡಿದೆ. ಎರಡೂ ಪಕ್ಷವನ್ನು ನಾನೇ ವಹಿಸಿ ಎರಡರಲ್ಲೂ ಗೆದ್ದೆ. ಜೋರು ಚಪ್ಪಾಳೆ. ಮೇಷ್ಟ್ರ ಕೆಲಸ ಬೇರೆ ಯಾರಿಗೋ ಹೋಯಿತು.

ವಾರ ಬಿಟ್ಟು ಸೊರಬಕ್ಕೆ ಹೋದೆ. ಕ್ಷಮೆ ಕೇಳುವುದನ್ನೂ ಭಾಷಣದ ಹಾಗೆ ಬಾಯಿಪಾಠ ಮಾಡಿಕೊಂಡಿದ್ದೆ. ಹೆಂಡತಿ ಮಣೆ ಹಾಕಿದರು. ಗುಡಿಗಾರರು ಪೆಟ್ಟಿಗೆಯೊಂದರ ಮುಚ್ಚಳ ಕೆತ್ತುತ್ತಿದ್ದರು, ತಲೆ ಎತ್ತಲಿಲ್ಲ. ಬಾಯಿಪಾಠವೆಲ್ಲ ಮರೆತುಹೋಗಿ ಇಷ್ಟೇ ಹೊರಬಿತ್ತು:

"ಅಳತೆ ನನ್ನ ಬೆರಳಿಂದು ಅಂತ ಅವತ್ತು ಸಭೇಲಿ ನೀವ್ಯಾಕ್ರೀ ಹೇಳ್ಲಿಲ್ಲ?"