ಹವಳಕ್ಕೆ ಹೊಸ ಲೈಟು

ಇಳಕಲ್ಲಿನ ಸೀರೆ ಪೇಟೆಯಲ್ಲಿ ವಿಜಯಮಹಾಂತೇಶನ ಕಣ್ಣಿಗೆ ಒಂದು ಮರ್ಯಾದೆ ಇತ್ತು. ಎರಡು ಮಗ್ಗದಿಂದ ಎರಡು ದಾಳಿಂಬರಿ ಕೆಂಪು ಸೀರೆ ಬಂದರೆ, ಯಾವುದು ಹೆಚ್ಚು ಬಣ್ಣ ಕುಡಿದಿದೆ ಎಂದು ಗಲ್ಲಾಪೆಟ್ಟಿಗೆ ಮುಂದೆ ಕೂತಲ್ಲಿಂದಲೇ ಹೇಳಿಬಿಡುತ್ತಿದ್ದ. ನೇಕಾರರು ಒಪ್ಪುತ್ತಿದ್ದರು, ಗಿರಾಕಿಗಳು ನಂಬುತ್ತಿದ್ದರು, ಅವನಂತೂ ಎಲ್ಲರಿಗಿಂತ ಒಂದು ಕೈ ಹೆಚ್ಚೇ ನಂಬಿದ್ದ. ಐವತ್ತೆಂಟು ವರ್ಷದ ಗಂಡಸಿಗೆ ಅಷ್ಟು ಸೊಕ್ಕು ಒಳ್ಳೆಯದಲ್ಲ ಎಂದು ಈಗ ಅವನೇ ಹೇಳಿಕೊಂಡು ನಗುತ್ತಾನೆ.

ಸೊಕ್ಕಿಗೆ ಜೋಡಿಯಾಗಿ ಒಂದು ಶೋಕಿಯೂ ಇತ್ತು. ಗೋವೆಯ ಹೋಟೆಲೊಂದರಲ್ಲಿ ಹವಳದ ತೊಟ್ಟಿ ನೋಡಿ ಬಂದವನು, ಅಂಗಡಿಯ ಹಿಂದಿನ ಪಡಸಾಲೆಯಲ್ಲಿ ನಾಲ್ಕು ಅಡಿ ಗಾಜಿನ ತೊಟ್ಟಿ ಕೂರಿಸಿ, ಪ್ಯಾಕೆಟ್ಟಿನ ಉಪ್ಪು ಕಲಸಿ ಸಮುದ್ರ ಮಾಡಿದ್ದ. ನಳದ ನೀರಿಗೆ ದಿನಗಟ್ಟಲೆ ಕಾಯುವ ಓಣಿಯಲ್ಲಿ ಸಮುದ್ರ! ಅದರಲ್ಲಿ ಎರಡು ಕಿತ್ತಳೆ ಬಣ್ಣದ ಮೀನು, ಕಲ್ಲಿನ ತುಂಬ ಅಂಗಿಯ ಹಸಿರು ಗುಂಡಿಗಳಂತೆ ಅರಳುವ ಮೆದು ಹವಳ. ಅದು ಜೀವ, ಬೆಳಕು ಉಂಡು ಬದುಕುವಂಥದ್ದು. ಐದು ಗುಂಡಿ ಇದ್ದದ್ದು ಮೂರು ವರ್ಷದಲ್ಲಿ ಅರವತ್ತಾಗಿತ್ತು. ಬೆಳಿಗ್ಗೆ ಲೈಟು ಹಾಕಿ, ಅವು ಒಂದೊಂದೇ ಬಿಚ್ಚಿಕೊಳ್ಳುವುದನ್ನು ನೋಡದೆ ಅವನ ಹೆಂಡತಿ ಭುವನೇಶ್ವರಿ ಚಹಾಕ್ಕೆ ಇಡುತ್ತಿರಲಿಲ್ಲ.

ಈ ಬೇಸಿಗೆಯಲ್ಲಿ ಅವನಿಗೆ ತೊಟ್ಟಿ ಮಂಕಾಗಿ ಕಾಣತೊಡಗಿತು.

"ಲೈಟ್ ಹಳೇದಾತು ನೋಡು. ಬೆಳಕ ಸತ್ತೈತಿ."

"ನನಗೇನೂ ಹಂಗ ಕಾಣವಲ್ದರಿ," ಎಂದಳು ಭುವನೇಶ್ವರಿ. "ಹೋದ ವರ್ಷ ಹೆಂಗಿತ್ತೋ ಈಗೂ ಹಂಗs ಐತಿ."

"ನಿನಗೇನ ತಿಳೀತೈತಿ ಬಿಡು ಬಣ್ಣದ್ದು," ಎಂದು ಚಪ್ಪಲಿ ಮೆಟ್ಟಿಕೊಂಡು ಬಾಗಲಕೋಟೆಯ ಬಸ್ಸು ಹತ್ತಿದ.

ಅಲ್ಲಿ ಸಾಕು ಮೀನು ಮಾರುವ ಅಂಗಡಿಯ ಅಯಾನ ಮೂರು ಲೈಟು ಹಚ್ಚಿ ತೋರಿಸಿದ. ವಿಜಯಮಹಾಂತೇಶ ಏನು ಮಾಡಿದ ಅನ್ನುತ್ತೀರಿ? ಚೀಲದಿಂದ ನವಿಲುಗತ್ತಿನ ಬಣ್ಣದ ಸೀರೆಯೊಂದನ್ನು ತೆಗೆದು ಮೂರರ ಕೆಳಗೂ ಹಾಸಿ ನೋಡಿದ. ಎಲ್ಲಕ್ಕಿಂತ ದೊಡ್ಡ ಲೈಟಿನ ಕೆಳಗೆ ಬಣ್ಣ ಎದ್ದು ಬಂತು. ಅಂಗಡಿ ಬೆಳಕಿನಲ್ಲಿ ಸೀರೆ ಆರಿಸಬೇಡಿ, ಹೊಸ್ತಿಲಾಚೆ ಬಿಸಿಲಿಗೆ ಹಿಡಿದು ನೋಡಿ ಎಂದು ಮೂವತ್ತು ವರ್ಷ ಗಿರಾಕಿಗಳಿಗೆ ಬುದ್ಧಿ ಹೇಳಿದ ಮಹಾಶಯ, ಸೀರೆ ತೋರಿಸಿ ಹವಳಕ್ಕೆ ಲೈಟು ಆರಿಸಿದ್ದ.

"ಇದು ಭಾಳ ಖಡಕ್ ಐತ್ರಿ ಸಾವ್ಕಾರ್ರ," ಎಂದ ಅಯಾನ. "ಹಚ್ಚೂದಾದ್ರ ಮೊದಲ ಸಣ್ಣಗ ಇಡ್ರಿ, ದಿನಾ ಚೂರ ಚೂರ ಏರಸ್ರಿ. ಒಮ್ಮೆಲೆ ಬಿಟ್ರ ಹವಳ ಸುಡತೈತಿ."

ಬಣ್ಣದ ವಿಷಯದಲ್ಲಿ ಇಳಕಲ್ಲಿನವನಿಗೆ ಹೇಳಲು ಬಂದನಲ್ಲ ಎಂದುಕೊಂಡು, ಮನೆಗೆ ಬಂದವನೇ ಲೈಟನ್ನು ಪೂರಾ ಏರಿಸಿದ. ಭುವನೇಶ್ವರಿ ಸೆರಗಿನಿಂದ ಕಣ್ಣು ಮುಚ್ಚಿಕೊಂಡಳು. ಅವನಿಗೆ ಮಾತ್ರ ಈಗ ಸರಿಹೋಯಿತು ಅನ್ನಿಸಿತು.

ಹತ್ತು ದಿನಕ್ಕೆ ಹವಳದ ಗುಂಡಿಗಳು ಮುದುಡಿದವು.

"ಬಿಳಿಚಿಕೊಂಡಾವ್ರಿ, ಲೈಟ್ ತೆಗೀರಿ. ಸಾಯ್ತಾವು," ಎಂದು ಅವಳು ಅಂಗಲಾಚಿದಳು.

"ಎಳಿ ಹಸರ ಅದು. ಹೊಸಾ ಚಿಗುರು."

ಮಾತಿಗೆ ಮಾತು ಬೆಳೆಯಿತು. ಕೊನೆಗೆ ಅವನು ತನ್ನ ಕಸುಬಿನ ಪರೀಕ್ಷೆಯನ್ನೇ ಮಾಡಿದ. ಹವಳದ ಒಂದು ಚೂರನ್ನು ತೊಟ್ಟಿಯ ನೀರಿನ ಸಮೇತ ಗಾಜಿನ ಬಟ್ಟಲಿಗೆ ಹಾಕಿಕೊಂಡು, ಅಂಗಡಿಯ ಹೊಸ್ತಿಲು ದಾಟಿ ಬೆಳಗಿನ ಬಿಸಿಲಿಗೆ ಕುಳಿತು ನೋಡಿದ. ಎಳೆ ಹಸಿರೇ. ಗೆದ್ದೆ ಎಂದು ತಲೆ ಎತ್ತುವಷ್ಟರಲ್ಲಿ ಹಳೆಯ ಗಿರಾಕಿ ಗುರುಲಿಂಗವ್ವ ಮೆಟ್ಟಿಲು ಹತ್ತಿ ಬಂದಳು.

"ಏನೋ ತಮ್ಮಾ, ಬಟ್ಟಲದಾಗ ಮಲ್ಲಿಗಿ ಮೊಗ್ಗಿ ಇಟ್ಕೊಂಡ ಕುಂತೀಯಲ್ಲ?"

ಹಾಗೆಂದವಳೇ ಮುದುಕಿ ಚೀಲದಿಂದ ಸೀರೆಯೊಂದನ್ನು ತೆಗೆದಳು. "ಮೊಮ್ಮಗಳ ನಿಶ್ಚಯಕ್ಕ ನೀಲಿ ಕೊಡಪಾ ಅಂದ್ರ ಕರೀದ ಕಟ್ಟಿ ಕೊಟ್ಟೀಯಲ್ಲ. ಬೀಗರ ಮುಂದ ನನ್ನ ಮಾನ ಕಳದಿ."

ಸೀರೆಯನ್ನು ಬಿಸಿಲಿಗೆ ಹಿಡಿದ. ನೀಲಿ. ದೇವರಾಣೆಗೂ ನೀಲಿ. ಮುದುಕಿಯ ಮುಖ ನೋಡಿದ, ಬಟ್ಟಲು ನೋಡಿದ, ಮತ್ತೆ ಸೀರೆ ನೋಡಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನು ಲೈಟು ಮಂಕು ಅಂದಿದ್ದ. ಬಟ್ಟಲು ಎತ್ತಿಕೊಂಡು ಸೀದಾ ಒಳಗೆ ನಡೆದ.

ಗುರುಲಿಂಗವ್ವನಿಗೆ ಭುವನೇಶ್ವರಿಯೇ ಬೇರೆ ಸೀರೆ ಕೊಟ್ಟು ಕಳಿಸಿದಳು. ಅಷ್ಟರಲ್ಲಿ ಅವನು ಸ್ಟೂಲು ಹತ್ತಿ ಹೊಸ ಲೈಟು ಬಿಚ್ಚಿ, ಹಳೆಯದನ್ನೇ ತೂಗುಹಾಕಿದ್ದ.

"ಭುವನಾ, ಈಗ ಬೆಳಕ ಸಾಕೇನು?"

"ಬೇಕಾದಷ್ಟೈತ್ರಿ."

ಅವನಿಗೆ ತೊಟ್ಟಿ ಮಬ್ಬಾಗಿಯೇ ಕಾಣುತ್ತಿತ್ತು. ಬಣ್ಣ ಕಾಣದ ಸೀರೆ ವ್ಯಾಪಾರಿ ಯಾರಿಗೆ ಬೇಕು ಎಂದು ಅವನಿಗೆ ಖರೇನೇ ಹೆದರಿಕೆಯಾಯಿತು. ಸ್ಟೂಲಿನ ಮೇಲೆಯೇ ಕುಳಿತ.

"ಕಣ್ಣಿಗೆ ಪೊರಿ ಬಂದಿರಬೇಕ ನೋಡು. ಊರಿಗೆ ತಿಳದ್ರ ಅಂಗಡಿ ಮುಗೀತು."

"ದೀಪಾವಳಿಯಿಂದ ಹಿಂಗs ಐತ್ರಿ. ದವಾಖಾನಿಗೆ ಹೋಗೂಣು ಅಂತ ಎರಡ ಸಲ ಅಂದೆ. ನಂದು ಹದ್ದಿನ ಕಣ್ಣು ಅಂದ್ರಿ."

"ಹಂಗಾದ್ರ ಇಷ್ಟ ದಿನಾ ಇದೊಂದs ಸೀರಿ ಹೆಂಗ ತಪ್ಪಿತು?"

ಭುವನೇಶ್ವರಿ ಬಿಚ್ಚಿಟ್ಟ ಹೊಸ ಲೈಟನ್ನು ಬದಿಗೆ ಸರಿಸಿದಳು.

"ನೀವು ತೆಗೆದಿಟ್ಟ ಸೀರಿನ ನಾ ಒಳಗ ಒಯ್ದು, ಬಣ್ಣ ನೋಡಿ, ತಪ್ಪಿದ್ರ ಬದಲಿ ಮಾಡಿ ಗಂಟ ಕಟ್ಟತಿದ್ದೆ. ಗುರುಲಿಂಗವ್ವ ಸೀರಿ ಒಯ್ದ ದಿನ ನಾ ಹುನಗುಂದಕ್ಕ ತವರಮನಿಗೆ ಹೋಗಿದ್ದೆ."

ವಿಜಯಮಹಾಂತೇಶನಿಗೆ ಮುಖ ಎತ್ತಲಾಗಲಿಲ್ಲ. ದೀಪಾವಳಿಯಿಂದ ಈಚೆಗೆ ಪೇಟೆ ಹೊಗಳಿದ್ದು ಅವಳ ಕಣ್ಣನ್ನು.