ತಂಗಿಯ ಕೋಣೆಗೆ ಎಷ್ಟು ಶೀಟು

ತಂಗಿ ರಾಂಪುರದ ಗಂಡನ ಮನೆ ಬಿಟ್ಟು ಚಳ್ಳಕೆರೆಗೆ, ನಮ್ಮಲ್ಲಿಗೆ ಬಂದು ವರ್ಷವಾಗುತ್ತ ಬಂದಿತ್ತು. ಬಸ್‌ಸ್ಟ್ಯಾಂಡ್ ಹತ್ತಿರದ ಔಷಧಿ ಅಂಗಡಿಯಲ್ಲಿ ಕೆಲಸ ಹಿಡಿದಿದ್ದಳು. ನಮ್ಮ ಮನೆಯಲ್ಲಿರುವುದು ಎರಡೇ ಕೋಣೆ. ಒಂದರಲ್ಲಿ ನಾನು, ನನ್ನ ಹೆಂಡತಿ; ಇನ್ನೊಂದರಲ್ಲಿ ಅವ್ವ, ಅವಳ ಜೊತೆಗೆ ಜೋಳ, ಶೇಂಗಾ ಚೀಲಗಳು. ತಂಗಿ ಪಡಸಾಲೆಯಲ್ಲೇ ಮಲಗುತ್ತಿದ್ದಳು. ಟಿವಿ ಆರಿದ ಮೇಲೆ ಹಾಸಿಗೆ ಬಿಚ್ಚಬೇಕು, ಹಾಲಿನವನು ಬರುವುದರೊಳಗೆ ಸುತ್ತಿಡಬೇಕು. ಸೀರೆ ಬದಲಿಸಲು ಬಚ್ಚಲಿಗೆ ಹೋಗಬೇಕು.

ಪಡಸಾಲೆ ಉದ್ದಕ್ಕಿದೆ, ಇಪ್ಪತ್ನಾಲ್ಕು ಅಡಿ. ಅಡ್ಡಕ್ಕೊಂದು ಜಿಪ್ಸಂ ಬೋರ್ಡಿನ ಗೋಡೆ ಹಾಕಿಸಿ ಹಿಂದಿನ ಭಾಗವನ್ನು ಅವಳಿಗೊಂದು ಕೋಣೆ ಮಾಡೋಣ ಎಂದು ಹೇಳಿದ್ದು ನನ್ನ ಹೆಂಡತಿ. ಇಟ್ಟಿಗೆಯಾದರೆ ಧೂಳು, ಕೆಸರು, ವಾರಗಟ್ಟಲೆ ರಗಳೆ. ಬೋರ್ಡಾದರೆ ತಗಡಿನ ಚೌಕಟ್ಟು ನಿಲ್ಲಿಸಿ ಶೀಟು ಬಡಿದರೆ ಮುಗಿಯಿತು. ಅವ್ವನಿಗೆ ಮಾತ್ರ ಇದು ಹಿಡಿಸಲಿಲ್ಲ.

"ಗ್ವಾಡೆ ಕಟ್ಟಿ ಕೂರಿಸಿಬಿಟ್ರೆ ಆಕೆ ಮತ್ತೆ ಗಂಡನ ಮನೆಗೆ ಹೋದಂಗೇ ಐತೆ" ಎಂದಳು.

"ನಾನು ಹೋಗಂಗಿಲ್ಲ ಅಂತ ಬಂದ ದಿನಾನೇ ಹೇಳೀನಲ್ಲವ್ವ" ಎಂದಳು ತಂಗಿ. ಅವ್ವ ಅಡುಗೆಮನೆಗೆ ಹೋದಳು.

ಒಂದು ಭಾನುವಾರ ಅಳತೆಗೆ ಕೂತೆವು. ತಂಗಿ ಟೇಪಿನ ಒಂದು ತುದಿ ಹಿಡಿದಳು, ನಾನು ಇನ್ನೊಂದು. ಹಿಂದಿನ ಗೋಡೆಯಿಂದ ಎಂಟು ಅಡಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಗೆರೆಯ ಉದ್ದ ಹನ್ನೊಂದು ಅಡಿ, ಛಾವಣಿಯ ಎತ್ತರ ಹತ್ತು. ನೂರಾಹತ್ತು ಚದರಡಿ. ಅದರಲ್ಲಿ ಮೂರು ಅಡಿ ಅಗಲ, ಏಳು ಅಡಿ ಎತ್ತರದ ಬಾಗಿಲು ಕಳೆದರೆ ಎಂಬತ್ತೊಂಬತ್ತು. ಅಂಗಡಿಯಲ್ಲಿ ಸಿಗುವ ಶೀಟು ಆರಡಿ ಉದ್ದ, ನಾಲ್ಕಡಿ ಅಗಲ, ಅಂದರೆ ಇಪ್ಪತ್ನಾಲ್ಕು ಚದರಡಿ. ಮೊಬೈಲಿನಲ್ಲಿ ಭಾಗಿಸಿ, "ನಾಲ್ಕು ಶೀಟು. ಕಟಿಂಗಲ್ಲಿ ಹಾಳಾಗೋದಕ್ಕೆ ಇನ್ನೊಂದು. ಐದು ಸಾಕು" ಎಂದೆ.

ತಂಗಿ ಟೇಪು ಬಿಡದೆ ನಿಂತಿದ್ದಳು. "ಅಣ್ಣ, ಅದು ಪಡಸಾಲೆ ಕಡೆಗಾತು. ನನ್ನ ಕಡೆಗೆ ಬ್ಯಾಡ್ವಾ?"

ನಾನು ಗೆರೆಯ ಹೊರಗೆ ನಿಂತಿದ್ದೆ. ನನಗೆ ಕಾಣುವ ಮುಖವೊಂದನ್ನೇ ಲೆಕ್ಕ ಹಾಕಿದ್ದೆ. ಐದು ಶೀಟು ತಂದಿದ್ದರೆ ಅವಳ ಕಡೆ ಬರೀ ತಗಡಿನ ಪಟ್ಟಿಗಳು ಕಾಣುತ್ತಿದ್ದವು. ಅವಳು ನಗುತ್ತಲೇ ಕೇಳಿದ್ದಳು, ನನಗೆ ಮಾತ್ರ ನಗು ಬರಲಿಲ್ಲ. ಎರಡೂ ಮುಖ ಸೇರಿಸಿ ಮತ್ತೆ ಲೆಕ್ಕ ಮಾಡಿದೆ. ಎಂಟು ಶೀಟು, ಹಾಳಾಗುವುದಕ್ಕೆ ಒಂದು, ಒಟ್ಟು ಒಂಬತ್ತು.

ಅಷ್ಟರಲ್ಲಿ ಅವ್ವ ಕೈ ಒರೆಸಿಕೊಳ್ಳುತ್ತ ಬಂದಳು. ಗೆರೆ ದಾಟಿ ಒಳಗೆ ಹೋಗಿ, ನೆಲದ ಮೇಲೆ ಸೆರಗು ಹಾಸಿಕೊಂಡು ಮಲಗಿಯೇಬಿಟ್ಟಳು. ಮಲಗಿದಲ್ಲಿಂದಲೇ ಬೈದಳು.

"ಲೇ, ಇಲ್ಲಿ ಗಾಳಿ ಎಲ್ಲೈತೋ? ಕಿಟಕಿ ಆಚೆಗೇ ಉಳೀತಲ್ಲ. ಬ್ಯಾಸಿಗೇಲಿ ಆಕೆ ಬೇಯ್ಬೇಕೇನು?"

ಪಕ್ಕದ ಗೋಡೆಯ ದೊಡ್ಡ ಕಿಟಕಿ ನನ್ನ ಗೆರೆಯಿಂದ ಅರ್ಧ ಅಡಿ ಆಚೆ ಶುರುವಾಗುತ್ತಿತ್ತು. ಅದನ್ನು ಪಡಸಾಲೆಗೇ ಇರಲಿ ಎಂದು ಬಿಟ್ಟಿದ್ದೆ. ಕಿಟಕಿ ಒಳಕ್ಕೆ ಬರಬೇಕಾದರೆ ಗೆರೆ ಹನ್ನೆರಡು ಅಡಿಗೆ ಸರಿಯಬೇಕು, ಪಡಸಾಲೆ ಅರ್ಧಕ್ಕರ್ಧ ಹೋಗುತ್ತದೆ.

"ಸೋಫಾ ಎಲ್ಲಿಡ್ತೀರಿ ಅತ್ತೆ?" ಎಂದಳು ನನ್ನ ಹೆಂಡತಿ.

"ಸೋಫಾಕ್ಕೆ ಸೆಕೆ ಆಗ್ತೈತೇನವ್ವ?"

ಹೆಂಡತಿಯೇ ಒದ್ದೆ ಬಟ್ಟೆ ತಂದು ಹಳೆಯ ಗೆರೆ ಒರೆಸಿದಳು. ಶೀಟು ಹೆಚ್ಚು ಬೇಕೇನೋ ಎಂದು ತಂಗಿಗೆ ಅಳುಕು. ಗೋಡೆ ಹಿಂದೆ ಮುಂದೆ ಸರಿದರೂ ಅದರ ಉದ್ದ, ಎತ್ತರ ಬದಲಾಗುವುದಿಲ್ಲ, ಒಂಬತ್ತೇ ಸಾಕು ಎಂದು ತೋರಿಸಿಕೊಟ್ಟೆ.

ಕೆಲಸಕ್ಕೆ ಮೊಳಕಾಲ್ಮೂರಿನವನೊಬ್ಬ ಬಂದ. ಅವ್ವನನ್ನು ದೊಡ್ಡಮ್ಮ ಎಂಬರ್ಥದಲ್ಲಿ "ಪೆದ್ದಮ್ಮಾ" ಎಂದು ಕರೆದು ಅರ್ಧ ತೆಲುಗಿನಲ್ಲೇ ಹರಟುತ್ತ ಗೋಡೆ ಎಬ್ಬಿಸಿದ. ಸದ್ದು ತಡೆಯಲು ಒಳಗೆ ಹತ್ತಿಯಂಥ ಉಣ್ಣೆ ತುಂಬಿಸಲೇ ಎಂದು ಕೇಳಿದ, ಬೇಡವೆಂದೆ. ಬಣ್ಣ ಒಣಗಿದ ಸಂಜೆ ತಂಗಿ ಸೂಟ್‌ಕೇಸು ಬಿಚ್ಚಿ ಬಟ್ಟೆಗಳನ್ನು ಕಪಾಟಿನಲ್ಲಿ ಜೋಡಿಸಿದಳು. ಅವ್ವ ಮಧ್ಯಾಹ್ನದ ನಿದ್ದೆಗೆ ಆ ಕಿಟಕಿಯ ಬುಡಕ್ಕೇ ಹೋಗತೊಡಗಿದಳು. ತಂಗಿ ಮನೆಯಲ್ಲಿದ್ದಾಗ ಮಾತ್ರ ಬಾಗಿಲು ಬಡಿದು ಹೋಗುತ್ತಿದ್ದಳು. ನಮ್ಮ ಮನೆಯಲ್ಲಿ ಅದುವರೆಗೆ ಯಾರೂ ಯಾರ ಬಾಗಿಲನ್ನೂ ಬಡಿದಿರಲಿಲ್ಲ.

ಆ ಬೇಸಿಗೆಯಲ್ಲೇ ರಾಂಪುರದಿಂದ ತಂಗಿಯ ಮಾವ ಮತ್ತು ಅವರ ಕಡೆಯ ಹಿರಿಯರೊಬ್ಬರು ಬಂದರು. ಚಿಕ್ಕದಾದ ಪಡಸಾಲೆಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತೆವು.

"ಆದದ್ದು ಆಗೋತು, ಹುಡುಗೀನ ಕಳಿಸಿಕೊಡ್ರಿ" ಎಂದರು ಮಾವ.

ಅವ್ವ ಏನು ಹೇಳುತ್ತಾಳೋ ಎಂದು ನಾನು ಅವಳತ್ತ ನೋಡಿದೆ. ಅವಳು ಎದ್ದಳು. "ಆಕೆ ರೂಮಲ್ಲಿ ಅದಾಳೆ. ಕೇಳಿ ಬರ್ತೀನಿ ತಡೀರಿ ಬೀಗ್ರೆ." ಬಾಗಿಲು ಬಡಿದು ಒಳಹೋಗಿ, ಬೇಗನೇ ವಾಪಸು ಬಂದು ತನ್ನ ಜಾಗದಲ್ಲಿ ಕೂತಳು.

"ಬರಂಗಿಲ್ಲ ಅಂತಾಳೆ. ಚಾ ಕುಡೀರಿ."

ಅವರು ಚಹಾ ಕುಡಿದು, ಮಳೆ ಬೆಳೆ ಮಾತಾಡಿ ಎದ್ದು ಹೋದರು. ತಂಗಿ ಹೊರಗೆ ಬಂದು ಖಾಲಿ ಲೋಟಗಳನ್ನು ಎತ್ತಿಕೊಂಡಳು.

"ಏನಂದ್ರು ಅಂತ ಹೇಳಬೇಕಾ?" ಎಂದು ಕೇಳಿದೆ.

"ಬ್ಯಾಡಣ್ಣ" ಎಂದಳು. "ಎಲ್ಲಾ ಕೇಳಿಸ್ತು."