ದೆವ್ವಕ್ಕ ಹಚ್ಚಿದ ಕನ್ನಡ

ತೆಲುಗು ಸಿನಿಮಾಕ್ಕ ಕನ್ನಡದ ದನಿ ಕೊಡೋದು ನನ್ನ ಕೆಲಸ. ಹುಟ್ಟಿ ಬೆಳದದ್ದು ಹೈದರಾಬಾದಿನಾಗ, ಆದ್ರ ಮನಿಯೊಳಗ ಅಜ್ಜ ಗದಗಿನಿಂದ ತಂದ ಕನ್ನಡನ ನಡೀತೈತಿ. ಮೊನ್ನೆ ಕೊಂಡಾಪುರದ ಸ್ಟುಡಿಯೋಕ್ಕ ಒಂದು ನಗಸೋ ದೆವ್ವದ ಸಿನಿಮಾ ಬಂತು. ಹೀರೋಯಿನ್‌ಗೆ ದೆವ್ವ ಬಡಕೋತೈತಿ, ಮಂತ್ರವಾದಿ ಬಿಡಸ್ತಾನ. ಹೀರೋಯಿನ್‌ಗೂ ದೆವ್ವಕ್ಕೂ ನಂದ ದನಿ.

ಡಬ್ಬಿಂಗ್ ಮಾಡಸೋ ಡೈರೆಕ್ಟರ್ ಬೆಂಗಳೂರಿನವ. "ಮೇಡಂ, ಹುಡುಗಿ ಸರಿಯಾಗಿರುವಾಗ ಒಳ್ಳೇ ಕನ್ನಡ ಮಾತಾಡಿ. ದೆವ್ವ ಬಂದ ತಕ್ಷಣ ನಿಮ್ಮ ಕಡೆ ಕನ್ನಡ ಶುರು ಮಾಡ್ಬಿಡಿ. ಜನ ಬಿದ್ದು ಬಿದ್ದು ನಗ್ತಾರೆ," ಅಂದ.

ನನಗ ಮೈಯೆಲ್ಲಾ ಉರೀತು. "ಯಾಕ್ರಿ, ಬೆಂಗಳೂರಾಗ ಯಾರೂ ಸತ್ತು ದೆವ್ವ ಆಗಂಗಿಲ್ಲೇನ್ರಿ?" ಅಂತ ಕೇಳಿದೆ.

"ಬೇಜಾರು ಮಾಡ್ಕೋಬೇಡಿ. ನಿಮ್ಮ ಭಾಷೆ ಅಂದ್ರೆ ನಮಗೆಲ್ಲಾ ತುಂಬಾ ಇಷ್ಟ," ಅಂದ.

ಅಷ್ಟು ಇಷ್ಟ ಇದ್ರ ಹೀರೋಯಿನ್‌ಗೆ ಕೊಡಬೇಕಿತ್ತು. ಆದ್ರೂ ದೆವ್ವದ ಮಾತೆಲ್ಲಾ ನಮ್ಮ ಕನ್ನಡದಾಗ ಹೇಳಿದೆ. ನನ್ನ ಸಿಟ್ಟೆಲ್ಲಾ ಅದರಾಗ ಹೋತು, ಅವಗ ಭಾಳ ಖುಷಿ ಆತು.

ಕಡೀಕ ಮಂತ್ರವಾದಿ ಬೂದಿ ಎರಚಿದ, ದೆವ್ವ ಬಿಟ್ಟು ಹೋತು, ಹೀರೋಯಿನ್ ಕಣ್ಣು ತೆರದಳು. "ಅಮ್ಮಾ, ನಾನೆಲ್ಲಿದ್ದೀನಿ?" ಅಂತ ನಾ ಹೇಳಬೇಕಿತ್ತು. ಬೇಕಂತ್ಲೇ, "ಯವ್ವಾ, ನಾ ಎಲ್ಲಿದ್ದೀನಬೇ?" ಅಂದೆ.

ಡೈರೆಕ್ಟರ್ ಗಾಜಿನ ಆಕಡೆಯಿಂದ ಮೈಕಿನಾಗ, "ಮೇಡಂ, ದೆವ್ವ ಹೋಗಾಯ್ತು," ಅಂದ.

"ಹೋಗಂಗಿಲ್ರಿ ಅದು. ಮೂರು ತಲಿಮಾರಿಂದ ನಮ್ಮ ಮನ್ಯಾಗ ಐತಿ," ಅಂದೆ.

ಆ ಒಂದು ಮಾತಿಗೆ ಈಗ ಹೀರೋಯಿನ್‌ಗೆ ದನಿ ಕೊಡಾಕ ಬೆಂಗಳೂರಿಂದ ಬ್ಯಾರೆ ಹುಡುಗೀನ ಕರಸಾಕತ್ತಾರಂತ. ನನ್ನ ದೆವ್ವ ಬಿಡಸಾಕ ಮಂತ್ರವಾದಿ ಒಬ್ಬನ ಸಾಲಲಿಲ್ಲ ನೋಡ್ರಿ.